‘ಫೇಸ್ ಕೋನ’ಕ್ಕೆ ಕನ್ನಡವೇನು? ಹಂತವೇ, ಪ್ರಾವಸ್ಥೆಯೇ, ಎಡುಪೇ?

ಗೆಳೆಯರೇ,

ವಿದ್ಯುತ್ ಜಾಲದ ಮೇಲೆ ಸಂವೇದಕಗಳ ಮೂಲಕ ಕಣ್ಣಿಡುವುದು ಹೇಗೆಂದು ಸಾಮಾನ್ಯ ಓದುಗರಿಗೆ ತಿಳಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಒಂದು ಪದದ ಬಳಿ ಬಂದು ಗಾಲಿ ಹೂತುಕೊಂಡಿದೆ: ಇಂಗ್ಲಿಷಿನ ‘ಫೇಸ್ ಆ್ಯಂಗಲ್’, ಅಂದರೆ ವಿದ್ಯುತ್ತಿನ ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂದು ಡಿಗ್ರಿಯಲ್ಲಿ ಹೇಳುವ ಕೋನ. ಕರಡಿನಲ್ಲಿ ‘ಹಂತ ಕೋನ’ ಎಂದು ಬರೆದಿದ್ದೆ. ಓದಿದವರೊಬ್ಬರು ಮೊದಲು ಕೇಳಿದ್ದೇ “ಒಟ್ಟು ಎಷ್ಟು ಹಂತಗಳು?” ಎಂದು. ತಪ್ಪು ಅವರದಲ್ಲ. ಚುನಾವಣೆಯ ಹಂತ, ಕಾಮಗಾರಿಯ ಹಂತ ಎಂದು ಕೇಳಿದ ಕಿವಿಗೆ ಹಂತವೆಂದರೆ ಒಂದು ಮುಗಿದ ಮೇಲೆ ಬರುವ ಇನ್ನೊಂದು.

ಹಾಗಾದರೆ ‘ಫೇಸ್’ ಎಂದೇ ಉಳಿಸಿಕೊಳ್ಳೋಣವೇ? ಅದಕ್ಕೂ ನಮ್ಮಲ್ಲಿ ಆಗಲೇ ಒಂದು ಅರ್ಥ ಗಟ್ಟಿಯಾಗಿ ಕೂತಿದೆ. “ಒಂದು ಫೇಸ್ ಹೋಗಿದೆ”, “ತ್ರೀ ಫೇಸ್ ಬಂತಾ?” ಎನ್ನುವಾಗ ಫೇಸ್ ಎಂದರೆ ಮೂರು ತಂತಿಗಳಲ್ಲಿ ಒಂದು. ಆ ತಂತಿಗಳ ಅಲೆಗಳು ಒಂದಕ್ಕೊಂದು 120 ಡಿಗ್ರಿ ಸರಿದಿರುವುದರಿಂದಲೇ ಅವಕ್ಕೆ ಆ ಹೆಸರು ಬಂದದ್ದು. ಆಡುಮಾತಿನಲ್ಲಿ ಕೋನ ಮರೆತುಹೋಗಿ ತಂತಿಯಷ್ಟೇ ಉಳಿಯಿತು. ಈಗ ನಾನು ‘ಎರಡು ಸ್ಥಾವರಗಳ ನಡುವಿನ ಫೇಸ್ ವ್ಯತ್ಯಾಸ’ ಎಂದು ಬರೆದರೆ, ಎಲ್ಲೋ ತಂತಿ ಅದಲುಬದಲಾಗಿದೆ ಎಂದುಕೊಳ್ಳುತ್ತಾರೆ. (‘ಕರೆಂಟ್’ ಪದದ್ದೂ ಇದೇ ಪಾಡು. ‘ಕರೆಂಟ್ ಸಂವೇದಕ’ ಎಂದು ಬರೆದರೆ ಕರೆಂಟು ಇದೆಯೋ ಇಲ್ಲವೋ ಎಂದು ಹೇಳುವ ಸಾಧನ ಎಂದೇ ತಿಳಿಯುತ್ತಾರೆ. ಅಲ್ಲಿ ‘ವಿದ್ಯುತ್ ಪ್ರವಾಹ’ ಎಂದು ಬರೆದು ಪಾರಾದೆ.)

ಪಠ್ಯಪುಸ್ತಕದ ‘ಪ್ರಾವಸ್ಥೆ’ ಅರ್ಥದಲ್ಲಿ ಸರಿಯೇ. ಆದರೆ ಬಾಯಿಗೆ ಬರುವ ಪದವಲ್ಲ. ‘ಪ್ರಾವಸ್ಥಾ ಕೋನ ಮಾಪನ ಘಟಕ’ ಎಂದು ಎರಡು ಸಲ ಗಟ್ಟಿಯಾಗಿ ಓದಿ ನೋಡಿ.

ಪದ ಯಾವ ಕೆಲಸಕ್ಕೆ ಬೇಕೆಂದು ಹೇಳಿಬಿಡುತ್ತೇನೆ. ಒಂದು ಜಾಲಕ್ಕೆ ಸೇರಿದ ಜನರೇಟರುಗಳೆಲ್ಲ ಒಂದೇ ವೇಗದ ಅಲೆ ಹೊರಡಿಸಬೇಕು. 50 ಹರ್ಟ್ಸ್ ಜಾಲದಲ್ಲಿ ಒಂದು ಆವರ್ತಕ್ಕೆ, ಅಂದರೆ ಅಲೆಯ 360 ಡಿಗ್ರಿಯ ಒಂದು ಸುತ್ತಿಗೆ, 20 ಮಿಲಿಸೆಕೆಂಡು. ವೇಗ ಒಂದೇ ಆದರೂ ಅಲೆ ಎಲ್ಲ ಕಡೆಯೂ ಒಂದೇ ಗಳಿಗೆಗೆ ಏರುವುದಿಲ್ಲ. ಎರಡು ತಾಣಗಳ ನಡುವೆ ಹೆಚ್ಚು ವಿದ್ಯುತ್ ಸಾಗಿಸಿದಷ್ಟೂ ಈ ಏರಿಕೆಯ ಅಂತರ, ಅಂದರೆ ಫೇಸ್ ವ್ಯತ್ಯಾಸ, ಹಿಗ್ಗುತ್ತದೆ. ಅದು ಮಿತಿ ಮೀರಿದರೆ ಎರಡೂ ಕಡೆಯ ಯಂತ್ರಗಳು ಜೊತೆ ತಪ್ಪುತ್ತವೆ. ಅಂತರ ಹಿಗ್ಗುವುದು ಮೊದಲೇ ಕಂಡರೆ ಆ ಮಾರ್ಗದ ಹೊರೆ ಇಳಿಸಿ ಜಾಲವನ್ನು ಉಳಿಸಿಕೊಳ್ಳಬಹುದು. ಆದರೆ ನೂರಾರು ಕಿಲೋಮೀಟರ್ ದೂರದ ಎರಡು ಅಲೆಗಳನ್ನು ಹೋಲಿಸಲು ಎರಡೂ ಕಡೆ ಒಂದೇ ಗಡಿಯಾರ ಇರಬೇಕು. 1 ಮಿಲಿಸೆಕೆಂಡು ಹೆಚ್ಚುಕಡಿಮೆಯಾದರೆ ಲೆಕ್ಕ 18 ಡಿಗ್ರಿ ತಪ್ಪುತ್ತದೆ. 1 ಮೈಕ್ರೋಸೆಕೆಂಡಾದರೆ ಬರೀ 0.018 ಡಿಗ್ರಿ. ಉಪಗ್ರಹಗಳ ಜಿಪಿಎಸ್ ಕಾಲ ಸಿಕ್ಕ ಮೇಲೆಯೇ ಇದು ಕೈಗೂಡಿದ್ದು. ಎಂಜಿನಿಯರುಗಳಾದ ಅರುಣ್ ಫಡ್ಕೆ ಮತ್ತು ಜೇಮ್ಸ್ ಥಾರ್ಪ್ ಅವರ ತಂಡ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಹೀಗೆ ಅಲೆಗಳ ಕೋನ ಅಳೆಯುವ ಮೊದಲ ಸಾಧನವನ್ನು, ‘ಫೇಸರ್ ಮಾಪನ ಘಟಕ’ವನ್ನು, ಕಟ್ಟಿತು. ಜಾಲವನ್ನು ದೂರದಿಂದಲೇ ನೋಡಿ ನಿಯಂತ್ರಿಸುವ ಹಳೆಯ ಸ್ಕಾಡಾ ವ್ಯವಸ್ಥೆ ಕೆಲವು ಸೆಕೆಂಡಿಗೊಮ್ಮೆ ಸುದ್ದಿ ತಂದರೆ, ಇದು ಸೆಕೆಂಡಿಗೆ 25, 50 ಸಲ ತರುತ್ತದೆ.

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದರು. ಜೋತುಬಿದ್ದ ತಂತಿ ಮರಕ್ಕೆ ತಾಗಿತ್ತು, ನಿಯಂತ್ರಣ ಕೊಠಡಿಯ ಎಚ್ಚರಿಕೆಯ ತಂತ್ರಾಂಶ ಸದ್ದಿಲ್ಲದೆ ಕೆಟ್ಟಿತ್ತು. ಆಮೇಲೆ ತನಿಖೆಗೆ ಕೂತವರಿಗೆ ಇನ್ನೊಂದು ಪೇಚು: ಎಷ್ಟೋ ದಾಖಲೆ ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಂದಿಸುವುದೇ ದೊಡ್ಡ ಕೆಲಸವಾಯಿತು. ಒಬ್ಬೊಬ್ಬರೂ ತಮ್ಮದೇ ತಾಳ ಹಾಕಿಕೊಂಡ ಸಂಗೀತ ಕಛೇರಿಯ ಹಾಗೆ.

ಈ ಸಾಲು ಬರೆಯುವಾಗಲೇ ಕರ್ನಾಟಕ ಸಂಗೀತದ ‘ಎಡುಪು’ ಹೊಳೆದದ್ದು. ಲಯ ಒಂದೇ ಇದ್ದರೂ ಹಾಡು ತಾಳದ ಯಾವ ಜಾಗದಿಂದ ಏಳುತ್ತದೆ ಎಂಬುದೇ ಎಡುಪು. ವೇಗ ಒಂದೇ, ಏಳುವ ಜಾಗ ಬೇರೆ: ನನಗೆ ಬೇಕಾದ ಅರ್ಥ ಇದೇ ಅಲ್ಲವೇ? ಅಲೆಯ ವಿಚಾರದಲ್ಲಿ ‘ಆವರ್ತ’, ‘ಆವರ್ತನ’ ಎನ್ನುತ್ತೇವೆ. ತಾಳದ ಒಂದು ಸುತ್ತಿಗೂ ಆವರ್ತ ಎಂದೇ ಹೆಸರು. ಸುತ್ತಿಗೆ ಒಪ್ಪಿದ್ದು ಸುತ್ತಿನೊಳಗಿನ ಜಾಗಕ್ಕೂ ಒಪ್ಪಬೇಕು. ಸಂಗೀತದಲ್ಲಿ ತಾಳಕ್ಕಿಂತ ಮೊದಲೇ ಎದ್ದರೆ ಅತೀತ, ಆಮೇಲೆ ಎದ್ದರೆ ಅನಾಗತ ಎಂಬ ಹೆಸರುಗಳೂ ಇವೆ. ಅವುಗಳ ತಂಟೆಗೆ ಮಾತ್ರ ಹೋಗುವುದಿಲ್ಲ. ‘ಅತೀತ’ ಎಂದರೆ ಮೀರಿದ್ದು, ‘ಅನಾಗತ’ ಎಂದರೆ ಇನ್ನೂ ಬಾರದ್ದು ಎಂದು ಓದುಗರು ಬೇರೆ ದಾರಿ ಹಿಡಿದಾರು. ‘ಮುಂದಿದೆ’, ‘ಹಿಂದಿದೆ’ ಸಾಕು.

ಎಡುಪಿನ ತೊಡಕೂ ನನಗೆ ಗೊತ್ತು. ಸಂಗೀತ ಬಲ್ಲವರನ್ನು ಬಿಟ್ಟರೆ ಈ ಪದ ಎಷ್ಟು ಜನರಿಗೆ ತಿಳಿದೀತು? ಮೇಲಾಗಿ ಹಾಡಿಗೆ ಎಡುಪು ಒಂದು ಸಲ ನಿಂತರೆ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಜಾಲದಲ್ಲಿ ಇದು ಕ್ಷಣಕ್ಷಣಕ್ಕೂ ಸರಿಯುತ್ತಿರುತ್ತದೆ, ಆ ಸರಿದಾಟವನ್ನು ಅಳೆಯಲೆಂದೇ ಇಷ್ಟೆಲ್ಲ ಉಪಕರಣ. ಅದಕ್ಕೇ ‘ಅಲೆನೆಲೆ’ ಎಂಬ ಇನ್ನೊಂದು ಪದ ಕಟ್ಟಿಕೊಂಡಿದ್ದೇನೆ: ಅಲೆ ತನ್ನ ಸುತ್ತಿನಲ್ಲಿ ಈಗ ಎಲ್ಲಿದೆ ಎಂಬುದು. ‘ಅಲೆನೆಲೆ ಕೋನ’, ‘ಅಲೆನೆಲೆಯ ಅಂತರ’. ಸೊಗಸು ಎಡುಪಿಗೇ ಹೆಚ್ಚು, ಒಪ್ಪುತ್ತೇನೆ. ಆದರೆ ವಿವರಣೆಯಿಲ್ಲದೆ ಅರ್ಥವಾಗುವುದು ಇದೇ ಎನಿಸುತ್ತದೆ.

‘ಫೇಸರ್’ ಅನ್ನು ಮಾತ್ರ ಹಾಗೇ ಬಿಡುತ್ತೇನೆ. ಅಲೆಯ ಎತ್ತರ, ಕೋನ ಎರಡನ್ನೂ ಒಟ್ಟಿಗೆ ತೋರಿಸುವ ಬಾಣಕ್ಕೆ ಆ ಹೆಸರು; ಅದು ಇಂಗ್ಲಿಷಿನಲ್ಲೇ ಫೇಸ್ ಮತ್ತು ವೆಕ್ಟರ್ (ಅಳತೆ, ದಿಕ್ಕು ಎರಡೂ ಇರುವ ರಾಶಿ, ಕನ್ನಡದಲ್ಲಿ ಸದಿಶ) ಎರಡನ್ನೂ ಬೆಸೆದು ಮಾಡಿದ ಪದ. ‘ಪ್ರಾವಸ್ಥಾ ಸದಿಶ’ ಎಂದು ಬಿಡಿಸಿದರೆ ಬೆಸುಗೆಯೂ ಹೋಯಿತು, ಓದುಗನೂ ಹೋದ.

ಈಗ ನಿಮ್ಮನ್ನು ಕೇಳುವುದು: ‘ಅಲೆನೆಲೆ’ ಎಂದು ಮೊದಲ ಸಲ ಓದಿದಾಗ ನಿಮಗೆ ಏನು ಹೊಳೆಯಿತು? ಅಲೆ ನಿಂತ ಜಾಗವೇ, ಅಲೆಗಳ ಬೀಡೇ? ಎರಡನೆಯದಾದರೆ ಪದ ಬಿದ್ದುಹೋಯಿತು. ಜೊತೆಗೆ, ತಂತಿ ಕಾದು ಜೋಲುವ ಪ್ರಮಾಣಕ್ಕೆ ಲೈನ್‌ಮನ್‌ಗಳು ‘ಜೋಲು’ ಎನ್ನುವುದನ್ನು ಯಾರಾದರೂ ಕೇಳಿದ್ದೀರಾ, ಅಥವಾ ಅವರೂ ‘ಸ್ಯಾಗ್’ ಎಂದೇ ಅನ್ನುತ್ತಾರೆಯೇ?