ರಾಗ ಬಂದರೆ ಹಾಡಬೇಕೋ, ಹೆದರಬೇಕೋ?

ಪ್ರಶ್ನೆ – ಕೋಥ್ರೂಡ್, ಪುಣೆ
ಧಾರವಾಡದಿಂದ ಇಲ್ಲಿಗೆ ಬಂದು ಮೂರು ತಿಂಗಳಾಯಿತು. ಸಂಜೆ ಹಿಂದುಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಗಾಡಿ ನಿಲ್ಲಿಸುವ ಜಾಗಕ್ಕಾಗಿ ಮೊನ್ನೆ ಪಕ್ಕದ ಮನೆಯ ಕಾಕೂ ಅವರೊಡನೆ ಮಾತಿಗೆ ಮಾತು ಬೆಳೆದು, ಕೊನೆಗೆ ಅವರು ಮೆಲ್ಲನೆ “ತುಲಾ ರಾಗ ಆಲಾ ಕಾ?” ಎಂದು ಕೇಳಿದರು. ಸಂಗೀತದ ವಿಚಾರಣೆಯೆಂದು ತಿಳಿದು, “ಸದ್ಯಕ್ಕೆ ಭೂಪ ರಾಗ ಒಂದೇ” ಎಂದುಬಿಟ್ಟೆ. ಮರಾಠಿಯಲ್ಲಿ ರಾಗವೆಂದರೆ ಸಿಟ್ಟೂ ಹೌದು, ಅವರು ಕೇಳಿದ್ದು ‘ನಿನಗೆ ಸಿಟ್ಟು ಬಂತೇ?’ ಎಂದು ಎಂಬುದು ಆಮೇಲೆ ತಿಳಿಯಿತು. ಇವೆರಡೂ ಒಂದೇ ಮೂಲದ ಪದವೇ ಅಥವಾ ಉಚ್ಚಾರದ ಸಾಮ್ಯ ಮಾತ್ರವೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ – ಸದಾಶಿವ ಪೇಠ, ಪುಣೆ
ಮಾನ್ಯರೆ, ಮೂಲ ಒಂದೇ. ಬಣ್ಣ ಹತ್ತು, ಕೆಂಪಾಗು ಎಂಬ ಅರ್ಥದ ಸಂಸ್ಕೃತದ ‘ರಂಜ್’ ಧಾತುವಿನಿಂದಲೇ ರಕ್ತ, ರಂಜನೆ, ಅನುರಾಗ, ವೈರಾಗ್ಯಗಳೂ ಹುಟ್ಟಿವೆ. ಪ್ರಾಚೀನ ಸಂಗೀತಶಾಸ್ತ್ರಕಾರ ಮತಂಗನು ತನ್ನ ‘ಬೃಹದ್ದೇಶಿ’ ಗ್ರಂಥದಲ್ಲಿ ಜನರ ಚಿತ್ತವನ್ನು ರಂಜಿಸುವುದೇ ರಾಗವೆಂದಾಗ ಅಲ್ಲಿಯೂ ಮನಸ್ಸಿಗೆ ಬಣ್ಣ ಹತ್ತುವ ಮಾತೇ ಇದೆ. ಆದರೆ ಗೀತೆಯ ಎರಡನೆಯ ಅಧ್ಯಾಯದ ‘ವೀತರಾಗಭಯಕ್ರೋಧಃ’ ಎಂಬಲ್ಲಿ ರಾಗವೂ ಕ್ರೋಧವೂ ಬೇರೆಬೇರೆಯಾಗಿಯೇ ನಿಂತಿವೆ. ಅಲ್ಲಿ ರಾಗವೆಂದರೆ ಆಸಕ್ತಿ. ಆದ್ದರಿಂದ ಸಿಟ್ಟಿನ ಅರ್ಥ ತರುವಾಯದ್ದೆಂದು ನನ್ನ ಎಣಿಕೆ. ಮುಖ ಕೆಂಪೇರಲು ಪ್ರೀತಿಯೇ ಆಗಬೇಕೆಂದಿಲ್ಲವಲ್ಲ. ಕಣ್ಣು ಕೆಂಪಗೆ ಮಾಡಿದನೆಂದು ನಾವೂ ಅನ್ನುತ್ತೇವೆ. ಬಂಗಾಳಿಯಲ್ಲಿಯೂ ರಾಗವೆಂದರೆ ಸಿಟ್ಟು. ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಸ್ಮರಣೆಗೆ 1953ರಲ್ಲಿ ಸಂಗೀತೋತ್ಸವ ಆರಂಭವಾದ ಈ ಊರಿನವರಿಗೆ ಮಾತ್ರ ಗೊಂದಲವಿಲ್ಲ: ಸಂಗೀತದ ರಾಗವನ್ನು ಹಾಡುತ್ತಾರೆ, ಸಿಟ್ಟಿನ ರಾಗ ತಾನಾಗಿ ‘ಬರುತ್ತದೆ’. ತಮ್ಮನ್ನು ಎಡವಿಸಿದ್ದು ಆ ಕ್ರಿಯಾಪದವೇ.

ಉತ್ತರ – ಮಡಗಾಂವ್, ಗೋವಾ
ನಮ್ಮ ಮನೆಮಾತು ಕೊಂಕಣಿಯಲ್ಲಿಯೂ ರಾಗವೆಂದರೆ ಸಿಟ್ಟೇ. ಮಕ್ಕಳು ಗೋಗರೆದರೆ ಕನ್ನಡದಲ್ಲಿ “ರಾಗ ಎಳೆಯಬೇಡ” ಎನ್ನುತ್ತೇವಲ್ಲ, ಅದನ್ನು ಇಲ್ಲಿಯ ನೆರೆಯವರಿಗೆ ವಿವರಿಸಲು ಹೋಗಿ ಸೋತಿದ್ದೇನೆ.

ಉತ್ತರ – ಡೋಂಬಿವಲಿ
ಇದಕ್ಕೆ ತಿರುವುಮುರುವಾದ ಪದ ‘ಆಗ್ರಹ’. ಕನ್ನಡದಲ್ಲಿ ಅದಕ್ಕೆ ಕೋಪವೆಂಬ ಅರ್ಥವಿದೆ. ಪತ್ರಿಕೆಗಳ ತಲೆಬರಹದಲ್ಲಂತೂ ‘ಪರಿಹಾರಕ್ಕೆ ರೈತರ ಆಗ್ರಹ’ ಎಂದರೆ ಖಡಾಖಂಡಿತ ಬೇಡಿಕೆ. ಮರಾಠಿಗರ ಮದುವೆಯ ಪಂಕ್ತಿಯಲ್ಲಿ ಇದೇ ಆಗ್ರಹ, ಬೇಡವೆಂದರೂ ಬಿಡದೆ ಬಡಿಸುವ ಅಕ್ಕರೆ. ‘ಗ್ರಹ್’ ಎಂದರೆ ಹಿಡಿ. ಹಿಡಿದದ್ದನ್ನು ಬಿಡದಿರುವ ಗುಣ ಸತ್ಯಾಗ್ರಹದಲ್ಲಿಯೂ ಉಂಟು, ಜಿಲೇಬಿ ಬಡಿಸುವವರಲ್ಲಿಯೂ ಉಂಟು. ಕಾಕೂ ಊಟಕ್ಕೆ ಕರೆದರೆ ಎಲೆಗೆ ಕೈ ಅಡ್ಡ ಹಿಡಿದು “ಪುರೇ” (ಸಾಕು) ಎನ್ನುವುದನ್ನು ಮೊದಲು ಕಲಿತುಕೊಳ್ಳಿರಿ.