ಅಸಮತೆಯ ಗ್ರಾಫ್: ಶೇಡ್ ತಪ್ಪು ಕಡೆ ಯಾಕೆ ಬರುತ್ತದೆ?

ಪ್ರಶ್ನೆ: ಸರ್, ನನ್ನ ಹತ್ತಿರ ಟಿಐ-84 ಪ್ಲಸ್ ಗ್ರಾಫ್ ಕ್ಯಾಲ್ಕುಲೇಟರ್ ಇದೆ. 2ಎಕ್ಸ್ − 3ವೈ < 6 ಮತ್ತು ಎಕ್ಸ್ + ವೈ ≤ 4, ಇವೆರಡನ್ನೂ ಒಂದೇ ಗ್ರಾಫ್‌ನಲ್ಲಿ ತೋರಿಸಬೇಕು. ಗೆರೆಗಳು ಸರಿಯಾಗಿವೆ. ಎರಡರಲ್ಲೂ 'ಚಿಕ್ಕದು' ಚಿಹ್ನೆ ಇದೆ ಅಂತ ಎರಡಕ್ಕೂ ಕೆಳಗಡೆ ಶೇಡ್ ಕೊಟ್ಟೆ. ಪುಸ್ತಕದಲ್ಲಿ ಮೊದಲನೆಯದಕ್ಕೆ ಮೇಲ್ಗಡೆ ಇದೆ. ಕ್ಯಾಲ್ಕುಲೇಟರ್ ಕೆಟ್ಟಿದೆಯಾ?

ಉತ್ತರ (ಗಣಿತ ಮೇಷ್ಟ್ರು): ಕ್ಯಾಲ್ಕುಲೇಟರ್ ಚೆನ್ನಾಗಿಯೇ ಇದೆ. ಪಾಪ, ನೀವು ಹೇಳಿದ ಕಡೆ ಬಣ್ಣ ತುಂಬಿದೆ ಅಷ್ಟೇ. ಅದಕ್ಕೆ ನಿಮ್ಮ ಅಸಮತೆ ಗೊತ್ತೇ ಇಲ್ಲ, ಗೆರೆ ಮಾತ್ರ ಗೊತ್ತು. ಮೇಲೋ ಕೆಳಗೋ ಅನ್ನುವುದು ನಿಮ್ಮ ಕೆಲಸ.

ಮೊದಲನೆಯದರಲ್ಲಿ ವೈ ಒಂದೇ ಎಡಗಡೆ ಉಳಿಯುವಂತೆ ಮಾಡಿ. −3ವೈ < 6 − 2ಎಕ್ಸ್ ಬರುತ್ತದೆ. ಈಗ −3ರಿಂದ ಭಾಗಿಸಬೇಕು, ಅಲ್ವಾ? ಋಣ ಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗುತ್ತದೆ: ವೈ > (2/3)ಎಕ್ಸ್ − 2. ಹಾಗಾಗಿ ಮೇಲ್ಗಡೆ. ಎರಡನೆಯದು ವೈ ≤ 4 − ಎಕ್ಸ್, ಅದು ಕೆಳಗಡೆಯೇ.

ಸಮೀಕರಣ ಬರೆಯುವ ಪರದೆಯಲ್ಲಿ ಕರ್ಸರನ್ನು ಮೊದಲ ಗೆರೆ ಬರೆದಿರುವ ವೈ1ರ ಎಡಕ್ಕೆ, ಆ ಪುಟ್ಟ ಗೆರೆಯ ಗುರುತಿನ ಮೇಲೆ ತನ್ನಿ. ಮೇಲೆ ತುಂಬಿದ ತ್ರಿಕೋನ ಬರುವವರೆಗೆ ಎಂಟರ್ ಒತ್ತುತ್ತಾ ಹೋಗಿ. ವೈ2ಕ್ಕೆ ಕೆಳಗೆ ತುಂಬಿದ ತ್ರಿಕೋನ. ಬಣ್ಣದ ಪರದೆಯ ಮಾದರಿಯಾದರೆ ಅಲ್ಲಿ ಎಂಟರ್ ಒತ್ತಿದಾಗ ಆಯ್ಕೆಯ ಪೆಟ್ಟಿಗೆ ತೆರೆಯುತ್ತದೆ. ಆಮೇಲೆ ಝೂಮ್ 6 ಒತ್ತಿ, ಎರಡು ಅಕ್ಷಗಳೂ −10ರಿಂದ 10ರವರೆಗೆ ಕಾಣುತ್ತವೆ.

ಅನುಮಾನ ಬಂದರೆ ಸುಮ್ನೆ (0,0) ಹಾಕಿ ನೋಡಿ. 0 < 6 ನಿಜ. ಅಂದರೆ ಮೂಲಬಿಂದು ಶೇಡ್ ಒಳಗೇ ಇರಬೇಕು. ನಿಮ್ಮ ಚಿತ್ರದಲ್ಲಿ ಅದು ಹೊರಗಿತ್ತು. ಪರೀಕ್ಷೆಯಲ್ಲಿ ನಾನೂ ಹೀಗೆ ಅಂಕ ಕಳೆದುಕೊಂಡವನೇ.

ಪ್ರಶ್ನೆ: ಬಂತು ಸರ್! ಎರಡೂ ಶೇಡ್ ಸೇರುವ ಜಾಗ ಕಾಣುತ್ತಿದೆ. ಗೆರೆಗಳು ಕೂಡುವ ಮೂಲೆಯೂ ಉತ್ತರದಲ್ಲಿ ಸೇರುತ್ತದೆಯಾ?

ಉತ್ತರ: ಒಳ್ಳೆಯ ಪ್ರಶ್ನೆ. ಸೆಕೆಂಡ್, ಟ್ರೇಸ್, 5 ಈ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿ, ಮೂರು ಸಲ ಎಂಟರ್ ಕೊಡಿ. ಗೆರೆಗಳು ಕೂಡುವ ಬಿಂದು (3.6, 0.4) ಬರುತ್ತದೆ. ಇದನ್ನು ಮೊದಲನೆಯದರಲ್ಲಿ ಹಾಕಿದರೆ 7.2 − 1.2 = 6. ಆದರೆ 6 < 6 ಸುಳ್ಳು. ಹಾಗಾಗಿ ಮೂಲೆ ಸೇರುವುದಿಲ್ಲ. ಪರದೆಯಲ್ಲಿ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಈ ರೀತಿ ಶೇಡ್ ಮಾಡಿದಾಗ < ಆಗಲಿ ≤ ಆಗಲಿ ಗೆರೆ ಒಂದೇ ತರಹ ಬರುತ್ತದೆ. ಹಾಳೆಗೆ ಇಳಿಸುವಾಗ ಮೊದಲನೆಯದನ್ನು ನೀವೇ ತುಂಡು ಗೆರೆಯಾಗಿ ಎಳೆಯಿರಿ.

ಇನ್ನೊಬ್ಬರು: ಸರ್, ನನಗೆ ಎಕ್ಸ್ ≥ 1 ಕೂಡ ಇದೆ. ಅದನ್ನು ಎಲ್ಲಿ ಹಾಕುವುದು? ವೈ ಇಲ್ಲವೇ ಇಲ್ಲ.

ಉತ್ತರ: ಸಮೀಕರಣ ಬರೆಯುವ ಪರದೆಯಲ್ಲಿ ಹಾಕಲಾಗುವುದಿಲ್ಲ, ನೆಟ್ಟಗೆ ನಿಂತ ಗೆರೆಗೆ 'ವೈ ಇಷ್ಟು' ಅನ್ನುವ ರೂಪವೇ ಇಲ್ಲ. ಅಸಮತೆಗೆಂದೇ ಇರುವ ಆ್ಯಪ್ ನಿಮ್ಮ ಕ್ಯಾಲ್ಕುಲೇಟರ್‌ನಲ್ಲಿದ್ದರೆ ಅದರಲ್ಲಿ ಎಕ್ಸ್‌ಗೂ ಜಾಗವಿದೆ, ತುಂಡು ಗೆರೆಯೂ ಬರುತ್ತದೆ. ಇಲ್ಲದಿದ್ದರೆ ಡ್ರಾ ಮೆನುವಿನಲ್ಲಿ ವರ್ಟಿಕಲ್ ಆರಿಸಿ 1 ಕೊಡಿ. ಗೆರೆ ಮಾತ್ರ ಬರುತ್ತದೆ. ಅದರ ಬಲಗಡೆ ಇರುವುದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.