ಸಹಾಯ ಬೇಕು: ಶಕುನದ ನಂಬಿಕೆಗಳ ಕಲಾಕೃತಿಗೆ ಹಾಸನದ ಹಿರಿಯರ ಧ್ವನಿ

ಹಾಸನದ ಬಂಧುಗಳೇ, ಶುಭಾಶುಭಗಳ ಬಗ್ಗೆ ನಮ್ಮ ಮನೆಗಳಲ್ಲಿರುವ ನಂಬಿಕೆಗಳನ್ನು ಆಧರಿಸಿ, ನೋಡುಗರೇ ಒಳಹೊಕ್ಕು ಪಾಲ್ಗೊಳ್ಳುವಂಥ ಕಲಾಕೃತಿಯೊಂದನ್ನು ರೂಪಿಸುತ್ತಿದ್ದೇನೆ. ಹೊಸ್ತಿಲಿನಾಚೆ ಅಕ್ಕಪಕ್ಕ ಹಾಸಿದ ಎರಡು ಹಲಗೆಗಳ ಅಡಿಯಲ್ಲಿ ಸೆನ್ಸರ್‌ಗಳಿದ್ದು, ಬಲಗಾಲು ಮೊದಲು ಬಿದ್ದರೆ ಗಂಟೆಯ ನಾದವೂ ಎಡಗಾಲು ಬಿದ್ದರೆ ಒಂಟಿ ಸೀನಿನ ಸದ್ದೂ ಕೇಳಿಸುತ್ತವೆ.

ವರ್ಷಕ್ಕೊಮ್ಮೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಾಗ ಹಿಂದಿನ ವರ್ಷದ ದೀಪ ಉರಿಯುತ್ತಲೇ ಇರುತ್ತದೆಂಬ ನಂಬಿಕೆ ಎಲ್ಲರಿಗೂ ಗೊತ್ತು. ನನಗೆ ಬೇಕಿರುವುದು ಹಲ್ಲಿ ಬಿದ್ದದ್ದು, ಖಾಲಿ ಕೊಡ ಎದುರಾದದ್ದು, ದೃಷ್ಟಿ ತೆಗೆದದ್ದು ಮುಂತಾದ ಮನೆಮಾತುಗಳು, ಹಿರಿಯರ ಧ್ವನಿಯಲ್ಲೇ. ವಿಧವೆಯರನ್ನು ಅಪಶಕುನವೆನ್ನುವ ಕ್ರೂರ ಮಾತನ್ನು ಕೃತಿಯಲ್ಲಿ ಬಳಸುವುದಿಲ್ಲ, ಆದರೆ ಅದನ್ನು ಅನುಭವಿಸಿದವರು ಮಾತನಾಡಲು ಒಪ್ಪಿದರೆ ಮೊದಲ ಜಾಗ ಅವರದೇ.

ಧ್ವನಿಮುದ್ರಣಕ್ಕೆ ಮನೆಗೇ ಬರುತ್ತೇನೆ. ಕೆಡವಿದ ಮನೆಯ ಹಳೆಯ ಮರದ ಹೊಸ್ತಿಲು ಯಾರಲ್ಲಾದರೂ ಇದ್ದರೆ ದಯವಿಟ್ಟು ಇಲ್ಲಿಯೇ ತಿಳಿಸಿ.